ಕೈಯಲ್ಲಿರುವ ಗಾಳಿ, ಗುಂಡು ಕಾಣುವ ಗಾಳಿ

ಅಮೆರಿಕದ ವಯೋಮಿಂಗ್ ರಾಜ್ಯದ ಬಯಲಿನಲ್ಲಿ ಮರ ಕಡಿಮೆ, ಗಾಳಿ ಜಾಸ್ತಿ. ಸೇಜ್‌ಬ್ರಷ್ ಅನ್ನುವ ಬೂದು ಬಣ್ಣದ ಕುರುಚಲು ಗಿಡಗಳ ನಡುವೆ ಪ್ರಾಂಗ್‌ಹಾರ್ನ್‌ಗಳು ಮೇಯುತ್ತಿರುತ್ತವೆ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದ ಹಾಗೆ ಇವೂ ಬಯಲಿನ ಪ್ರಾಣಿಗಳೇ. ಕಣ್ಣು ಬಹಳ ಚುರುಕು, ಓಟ ಇನ್ನೂ ಚುರುಕು. ಅವುಗಳ ಹತ್ತಿರ ಹೋಗುವುದು ಕಷ್ಟ. ನಮ್ಮಲ್ಲಿ ವನ್ಯಜೀವಿ ಕಾಯ್ದೆಯ ಪ್ರಕಾರ ಇಂಥ ಬೇಟೆಗೆ ಅವಕಾಶವೇ ಇಲ್ಲ. ಅಲ್ಲಿ ಪರವಾನಗಿ ಪಡೆದು, ಸೀಸನ್‌ನಲ್ಲಿ ಬೇಟೆಯಾಡಬಹುದು. ಹತ್ತಿರ ಹೋಗಲಾಗದವರು ದೂರದಿಂದಲೇ ಗುರಿ ಇಡುವ ಆಸೆಗೆ ಬೀಳುತ್ತಾರೆ. ಅಂಥವರು ನೆಚ್ಚಿಕೊಳ್ಳುವುದು ಗಾಳಿ ಅಳೆಯುವ ಒಂದು ಪುಟ್ಟ ಮೀಟರನ್ನು.

ಪ್ರಾಂಗ್‌ಹಾರ್ನ್‌ನ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂ.ಮೀ. ಅಗಲ. ಗುಂಡು ಅಲ್ಲಿ ಬಿದ್ದರೆ ಪ್ರಾಣಿ ಬೇಗ ಸಾಯುತ್ತದೆ. ಒಂದು ಗೇಣು ಆಚೆ ಹೋದರೆ ಹೊಟ್ಟೆಗೆ ಬಿತ್ತು ಅಂತ. ಆಗ ಅದು ಗಾಯ ಹೊತ್ತುಕೊಂಡು ಓಡಿ, ಎಲ್ಲೋ ಗಿಡದ ಮರೆಯಲ್ಲಿ ನರಳಿ ನರಳಿ ಸಾಯುತ್ತದೆ. ಗಾಳಿಯ ಲೆಕ್ಕ ನನಗೆ ಮುಖ್ಯ ಅನ್ನಿಸುವುದು ಈ ಒಂದು ಗೇಣಿನ ಕಾರಣಕ್ಕೇ.

ಸುಮಾರು 11 ಗ್ರಾಂ ತೂಕದ ಒಂದು .308 (ಅಂದರೆ 0.308 ಇಂಚು ಅಗಲದ) ಗುಂಡು ಬಂದೂಕಿನಿಂದ ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಬೀಳುತ್ತದೆ ಅಂದುಕೊಳ್ಳಿ. ಗುರಿ 460 ಮೀಟರ್ ದೂರದಲ್ಲಿದೆ. ಅಡ್ಡಲಾಗಿ ಗಂಟೆಗೆ 16 ಕಿ.ಮೀ. ಗಾಳಿ ಬೀಸುತ್ತಿದೆ. ಮರದ ಎಲೆಗಳು ಬಿಡದೆ ಅಲುಗಾಡುವಷ್ಟು, ಅಷ್ಟೇ. ಸಮುದ್ರಮಟ್ಟದಲ್ಲಿ ಆ ಗುಂಡು ಅರ್ಧ ಮೀಟರ್‌ನಷ್ಟು ಪಕ್ಕಕ್ಕೆ ಹೋಗಿ ಬೀಳುತ್ತದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಆ ದೂರದಲ್ಲಿ ಗಾಳಿಯ ಬಗ್ಗೆ ಅಷ್ಟಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ದೂರ ಎರಡು ಪಟ್ಟಾದರೆ ಪಕ್ಕಕ್ಕೆ ಸರಿಯುವುದು ನಾಲ್ಕು ಪಟ್ಟಿಗಿಂತ ಜಾಸ್ತಿಯಾಗುತ್ತದೆ.

ಗಾಳಿ ಗುಂಡಿನ ಪಕ್ಕೆಗೆ ಬಡಿದು ತಳ್ಳುತ್ತದೆ ಅಂತ ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ ಅಲ್ವಾ? ನಡೆಯುವುದು ಬೇರೆಯೇ. ಗುಂಡು ಬುಗುರಿಯ ಹಾಗೆ ಗಿರಗಿರ ತಿರುಗುತ್ತಾ ಹೋಗುತ್ತದೆ. ತನಗೆ ಎದುರಾಗುವ ಗಾಳಿಯ ಕಡೆಗೇ ಅದರ ಮೂತಿ ಇರುತ್ತದೆ. ಎಡದಿಂದ ಗಾಳಿ ಬೀಸಿದರೆ ಮೂತಿ ಒಂದು ಚೂರು ಎಡಕ್ಕೆ ತಿರುಗುತ್ತದೆ. ಗುಂಡನ್ನು ಹಿಂದಕ್ಕೆ ಎಳೆಯುವ ಗಾಳಿಯ ತಡೆ ಈಗ ನೇರ ಹಿಂದಕ್ಕಲ್ಲ, ಸ್ವಲ್ಪ ಬಲಕ್ಕೂ ಎಳೆಯುತ್ತದೆ. ಗುಂಡು ಬಲಕ್ಕೆ ಸರಿಯುವುದು ಈ ಎಳೆತದಿಂದ. ರಾಕೆಟ್‌ನಲ್ಲಿ ಇದು ತಿರುವುಮುರುವು. ಅದೂ ಗಾಳಿಯ ಕಡೆ ಮೂತಿ ತಿರುಗಿಸುತ್ತದೆ, ಆದರೆ ಎಂಜಿನ್ ಹಿಂದಿನಿಂದ ನೂಕುತ್ತಿರುವುದರಿಂದ ಗಾಳಿ ಬರುವ ಕಡೆಗೇ ವಾಲುತ್ತದೆ.

ಇದರ ಲೆಕ್ಕ ಬಹಳ ಸರಳ. 19ನೇ ಶತಮಾನದ ಫ್ರೆಂಚ್ ಸೇನಾಧಿಕಾರಿ ಇಸಿದೋರ್ ದಿದಿಯಾಂ ಹೆಸರಿನಲ್ಲಿ ಒಂದು ಸೂತ್ರವಿದೆ. ಗಾಳಿಯ ತಡೆಯೇ ಇಲ್ಲದಿದ್ದರೆ ನಮ್ಮ ಗುಂಡು 460 ಮೀಟರ್ ದಾಟಲು 0.57 ಸೆಕೆಂಡ್ ಸಾಕಿತ್ತು. ನಿಜವಾಗಿ ಹಿಡಿಯುವುದು 0.69ರ ಆಸುಪಾಸು. ತಡವಾಗಿದ್ದು 0.12 ಸೆಕೆಂಡ್. ಆ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿ. ಸೆಕೆಂಡಿಗೆ 4.4 ಮೀಟರ್ ಗಾಳಿಗೆ ಅರ್ಧ ಮೀಟರ್ ಚಿಲ್ಲರೆ ಬರುತ್ತದೆ. ಗುಂಡು ಗಾಳಿಯಲ್ಲಿ ಒಟ್ಟು ಎಷ್ಟು ಹೊತ್ತು ಇತ್ತು ಅನ್ನುವುದು ಇಲ್ಲಿ ಬೇಕಿಲ್ಲ. ಗಾಳಿಯಿಂದಾಗಿ ಎಷ್ಟು ತಡವಾಯಿತು ಅನ್ನುವುದಷ್ಟೇ ಬೇಕು.

ಹಾಗಾದರೆ ಗಾಳಿ ತೆಳುವಾದರೆ ತಡೆ ಕಡಿಮೆ, ತಡ ಕಡಿಮೆ, ಗುಂಡು ಸರಿಯುವುದೂ ಕಡಿಮೆ. ವಯೋಮಿಂಗ್‌ನ ಲಾರಮಿ ಊರು 2,180 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 20ರಷ್ಟು ಕಡಿಮೆ. ಅರ್ಧ ಮೀಟರ್ ಅಲ್ಲಿ 40 ಸೆಂ.ಮೀ. ಹತ್ತಿರ ಬರುತ್ತದೆ. ಬೇಟೆಗಾರರು ಬಳಸುವ ಅಂಗೈ ಅಗಲದ ಮೀಟರ್ ಗಾಳಿಯ ವೇಗದ ಜೊತೆ ಒತ್ತಡ, ಉಷ್ಣತೆ, ತೇವಾಂಶವನ್ನೂ ಅಳೆಯುವುದು ಇದಕ್ಕಾಗಿ. ತೇವಾಂಶದ ಪಾತ್ರ ಚಿಕ್ಕದು. ಒದ್ದೆ ಗಾಳಿ ಭಾರ ಅನ್ನಿಸಿದರೂ ಅದು ಒಣ ಗಾಳಿಗಿಂತ ಹಗುರ, ಏಕೆಂದರೆ ನೀರಾವಿಯ ಅಣು ಸಾರಜನಕ, ಆಮ್ಲಜನಕದ ಅಣುಗಳಿಗಿಂತ ಹಗುರ.

ಒತ್ತಡದ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಬೆಂಗಳೂರಿನಲ್ಲಿ ಫೋನಿನ ಹವಾಮಾನ ಆ್ಯಪ್ ತೆರೆಯಿರಿ, ಒತ್ತಡ 1,010 ಹೆಕ್ಟೊಪಾಸ್ಕಲ್ ಆಸುಪಾಸು ತೋರಿಸುತ್ತದೆ. ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ಊರು 900 ಮೀಟರ್‌ಗೂ ಎತ್ತರದಲ್ಲಿರುವುದರಿಂದ ನಿಜವಾದ ಒತ್ತಡ 910ರ ಸುತ್ತಮುತ್ತ. ಗುಂಡಿಗೆ ಬೇಕಾದದ್ದು ಈ ಎರಡನೆಯದು. ಆ್ಯಪ್ ನೋಡಿ ಲೆಕ್ಕ ಹಾಕಿದವರ ಗುರಿ ಬೆಟ್ಟದ ಸೀಮೆಯಲ್ಲಿ ತಪ್ಪುತ್ತದೆ.

ಇಂಥ ಮೀಟರ್‌ಗಳಲ್ಲಿ ಅಮೆರಿಕದ ಕೆಸ್ಟ್ರೆಲ್ ಹೆಸರುವಾಸಿ. ಕೆಸ್ಟ್ರೆಲ್ ಅಂದರೆ ಗಿಡುಗದಂಥ ಒಂದು ಸಣ್ಣ ಬೇಟೆ ಹಕ್ಕಿ. ಗಾಳಿಗೆ ಮುಖ ಮಾಡಿ, ಆಕಾಶದಲ್ಲಿ ಒಂದೇ ಕಡೆ ನಿಂತುಬಿಡುತ್ತದೆ. ಮೀಟರ್‌ನ ನೆತ್ತಿಯಲ್ಲಿ ಸುಮಾರು 25 ಮಿ.ಮೀ. ಅಗಲದ ಪುಟ್ಟ ಫ್ಯಾನ್ ಇರುತ್ತದೆ. ಅದರ ಅಚ್ಚು ನೀಲಮಣಿಯ ಬೇರಿಂಗ್ ಮೇಲೆ ಕೂತಿರುತ್ತದೆ, ಹಳೆಯ ಕೈಗಡಿಯಾರಗಳ ಒಳಗಿನ ಹಾಗೆ. ಬಾಯಿಂದ ಮೆಲ್ಲಗೆ ಊದಿದರೂ ತಿರುಗುತ್ತದೆ. ಒಳಗಿನ ಸೆನ್ಸರ್ ಸುತ್ತುಗಳನ್ನು ಎಣಿಸಿ ವೇಗ ಹೇಳುತ್ತದೆ. ಹೆಚ್ಚುಕಮ್ಮಿ ಶೇ. 3ರೊಳಗೆ ಸರಿಯಾಗಿಯೇ ಇರುತ್ತದೆ.

ಗೆಳೆಯರೊಬ್ಬರ ಮೀಟರ್ ತಂದು ಒಂದು ಸಂಜೆ ನಮ್ಮ ಮನೆಯ ತಾರಸಿಯಲ್ಲಿ ಹಿಡಿದು ನೋಡಿದೆ. ಸೆಕೆಂಡಿಗೆ 2.1 ಮೀಟರ್ ಅಂತ ತೋರಿಸಿತು. ಹತ್ತು ಸೆಕೆಂಡ್ ಕಳೆಯುವುದರಲ್ಲಿ 4.6. ಆಮೇಲೆ 1.8. ನೀರಿನ ಟ್ಯಾಂಕಿನ ಹಿಂದೆ ನಾಲ್ಕು ಹೆಜ್ಜೆ ಹೋದೆ, 0.6ಕ್ಕೆ ಇಳಿಯಿತು. ಎದೆಗೆ ಹತ್ತಿರ ಹಿಡಿದರೆ ಒಂದು ಲೆಕ್ಕ, ಕೈ ಚಾಚಿ ಹಿಡಿದರೆ ಇನ್ನೊಂದು, ಏಕೆಂದರೆ ನಮ್ಮ ಮೈಯೇ ಗಾಳಿಗೆ ಅಡ್ಡ. ಜೇಬಿನಿಂದ ಆಗಷ್ಟೇ ತೆಗೆದಿದ್ದರೆ ಉಷ್ಣತೆಯೂ ತಪ್ಪು. ಅದು ನಮ್ಮ ಮೈಬಿಸಿ. ಉಪಕರಣ ಸುಳ್ಳು ಹೇಳಲಿಲ್ಲ. ನಾಲ್ಕು ಹೆಜ್ಜೆಯಲ್ಲಿ ಗಾಳಿಯೇ ಬದಲಾಗಿತ್ತು. ಹಾಗಿದ್ದ ಮೇಲೆ 460 ಮೀಟರ್‌ನಲ್ಲಿ?

ಮೀಟರ್ ಹೇಳುವುದು ಬೇಟೆಗಾರ ನಿಂತ ಜಾಗದ ಗಾಳಿಯನ್ನು ಮಾತ್ರ. ಅದು ವ್ಯರ್ಥವಲ್ಲ. ಬಂದೂಕಿನ ಹತ್ತಿರದ ಗಾಳಿಗೆ ಗುಂಡಿನ ದಾರಿ ಒಂದಿಷ್ಟು ಓರೆಯಾದರೆ, ಉಳಿದ ದೂರವೆಲ್ಲ ಆ ಓರೆ ದಾರಿಯಲ್ಲೇ ಹೋಗಬೇಕು. ಆದರೆ ಅವನು ದಿಬ್ಬದ ಮರೆಯಲ್ಲಿ ಮಲಗಿದ್ದು, ನಡುವೆ ಒಂದು ಕೊರಕಲು ಇದ್ದರೆ, ಅಲ್ಲಿನ ಗಾಳಿ ಯಾವ ಮೀಟರ್‌ಗೂ ಸಿಗುವುದಿಲ್ಲ. ಅದಕ್ಕೆ ಕಣ್ಣೇ ಬೇಕು. ದೂರದ ಹುಲ್ಲು ಎತ್ತ ಬಾಗಿದೆ, ಧೂಳು ಎದ್ದಿದೆಯಾ, ದುರ್ಬೀನಿನಲ್ಲಿ ಬಿಸಿಲ ಝಳ ಯಾವ ಕಡೆಗೆ ಹರಿಯುತ್ತಿದೆ ಅಂತ ನೋಡಬೇಕು. ಝಳ ಪಕ್ಕಕ್ಕೆ ಹರಿಯದೆ ನೇರ ಮೇಲಕ್ಕೆ ಕುದಿಯುವ ಹಾಗೆ ಕಂಡರೆ ಅಡ್ಡಗಾಳಿ ಇಲ್ಲ ಅಂತ, ಇಲ್ಲವೇ ಗಾಳಿ ನೇರ ಎದುರಿನಿಂದಲೋ ಹಿಂದಿನಿಂದಲೋ ಬರುತ್ತಿದೆ ಅಂತ.

ಈ ಕಣ್ಣನ್ನು ಪಳಗಿಸುವುದರಲ್ಲೇ ಮೀಟರ್‌ನ ದೊಡ್ಡ ಉಪಯೋಗ ಅಂತ ನಾನು ನಂಬಿದ್ದೇನೆ. ಮೊದಲು ಮುಖಕ್ಕೆ ತಾಗುವ ಗಾಳಿ, ಅಲುಗುವ ಎಲೆ ನೋಡಿ ಒಂದು ಅಂಕಿ ಹೇಳಬೇಕು. ಆಮೇಲೆ ಮೀಟರ್ ತೆಗೆದು ಹೋಲಿಸಬೇಕು. ದಿನಾ ಹೀಗೆ ಮಾಡಿದರೆ ಕೆಲವು ತಿಂಗಳಲ್ಲಿ ಅಂದಾಜು ಹತ್ತಿರಕ್ಕೆ ಬರುತ್ತದೆ. ಇದಕ್ಕೆ ಬಂದೂಕೂ ಬೇಡ, ವಯೋಮಿಂಗೂ ಬೇಡ. ತೋಟಕ್ಕೆ ಔಷಧಿ ಹೊಡೆಯುವವರಿಗೂ ಡ್ರೋನ್ ಹಾರಿಸುವವರಿಗೂ ಇದೇ ಅಭ್ಯಾಸ ಕೈಹಿಡಿಯುತ್ತದೆ.

ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಶುರು ಮಾಡಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಗಾರರದ್ದೇ ಸಂಸ್ಥೆ. ಸಲಕರಣೆಯ ತಾಕತ್ತು ಪರೀಕ್ಷಿಸಲು ಪ್ರಾಣಿಯ ಮೇಲೆ ದೂರದಿಂದ ಗುಂಡು ಹಾರಿಸುವುದನ್ನು ಅದು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ಆ ಮಾತು ಸರಿಯೇ ಅನ್ನಿಸುತ್ತದೆ. ಲಾರಮಿಯ ಬಯಲಿನಲ್ಲಿ ಮೀಟರ್ ಒಂದು ನಿಮಿಷದಲ್ಲಿ ಗಂಟೆಗೆ 12ರಿಂದ 22 ಕಿ.ಮೀ. ನಡುವೆ ತೂಗಾಡುತ್ತಿದೆ ಅಂದುಕೊಳ್ಳಿ. 460 ಮೀಟರ್‌ನಲ್ಲಿ ಆ ತೂಗಾಟ ಅಂದರೆ 25 ಸೆಂ.ಮೀ. ಎದೆಯ ಆ ಜಾಗಕ್ಕಿಂತ ಅಗಲ. 230 ಮೀಟರ್‌ಗೆ ಬಂದರೆ ಅದೇ ತೂಗಾಟ ಆರು ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ. ತಿಳಿದ ಬೇಟೆಗಾರ ಆಗ ಮೀಟರ್ ಜೇಬಿಗೆ ಹಾಕಿ, ಬಂದೂಕನ್ನು ಮೊಣಕೈ ಮೇಲೆ ಎತ್ತಿಕೊಂಡು, ಸೇಜ್‌ಬ್ರಷ್ ಮರೆಯಲ್ಲಿ ಹೊಟ್ಟೆ ಎಳೆದುಕೊಂಡು ತೆವಳಲು ಶುರು ಮಾಡುತ್ತಾನೆ. ಅಷ್ಟರಲ್ಲಿ ಪ್ರಾಂಗ್‌ಹಾರ್ನ್ ಅವನನ್ನು ನೋಡಿ ಓಡಿಹೋದರೆ, ಹೋಗಲಿ.