ನೀರು ಕಾಯಿಸಲು ಬಂದರೆ ಸಾಕು

1939ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜಾನ್ ಕ್ರ್ಯಾಂಡನ್ ಎಂಬ ಯುವ ಶಸ್ತ್ರವೈದ್ಯ ತನ್ನ ಊಟದಿಂದ ಹಣ್ಣು, ತರಕಾರಿ, ಹಾಲು ಮೂರನ್ನೂ ತೆಗೆದುಹಾಕಿದ. ಸಿ ಜೀವಸತ್ವ ಸಿಗದಿದ್ದರೆ ಗಾಯ ಮಾಯುವುದಿಲ್ಲವೇ ಎಂಬುದು ಅವನ ಪ್ರಶ್ನೆ. ಪ್ರಯೋಗಕ್ಕೆ ಬೇರೆ ಯಾರನ್ನೋ ಹುಡುಕದೆ ತಾನೇ ಒಡ್ಡಿಕೊಂಡ. ಮೂರು ತಿಂಗಳಾದಾಗ ಬೆನ್ನಿನ ಮೇಲೆ ಒಂದು ಕೊಯ್ತ ಹಾಕಿಸಿಕೊಂಡ. ಅದು ಎಂದಿನಂತೆ ಮಾಯಿತು. ಐದು ತಿಂಗಳು ದಾಟಿದ ಮೇಲೆ ಕಾಲುಗಳ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳು ಕಾಣಿಸಿಕೊಂಡವು. ಆರು ತಿಂಗಳ ಹೊತ್ತಿಗೆ ಹಾಕಿಸಿಕೊಂಡ ಇನ್ನೊಂದು ಕೊಯ್ತ ಮಾತ್ರ ಮಾಯಲೇ ಇಲ್ಲ. ಸಿ ಜೀವಸತ್ವ ಕೊಡತೊಡಗಿದ ಮೇಲೆ ಅದೂ ಕೂಡಿಕೊಂಡಿತು.

ಕ್ರ್ಯಾಂಡನ್ ಬೇಕೆಂದೇ ಮಾಡಿದ್ದನ್ನು ಅಡುಗೆ ಬಾರದೆ ಒಬ್ಬರೇ ಇರುವ ಹಲವರು ಅರಿವಿಲ್ಲದೆ ಮಾಡುತ್ತಾರೆ. ವೈದ್ಯಕೀಯ ಬರಹಗಳಲ್ಲಿ ‘ವಿಧುರರ ಸ್ಕರ್ವಿ’ ಎಂಬ ಮಾತೇ ಇದೆ. ಸ್ಕರ್ವಿ ಎಂದರೆ ಸಿ ಜೀವಸತ್ವದ ಕೊರತೆಯಿಂದ ಬರುವ ಕಾಯಿಲೆ. ಹೆಂಡತಿ ತೀರಿಕೊಂಡ ಬಳಿಕ ಚಹಾ ಮತ್ತು ಬ್ರೆಡ್ಡಿನಲ್ಲೇ ದಿನ ದೂಡುವ ವಯಸ್ಸಾದ ಗಂಡಸರಲ್ಲಿ, ಹಡಗಿನ ನಾವಿಕರ ಕಾಲದ ಆ ಹಳೆಯ ಕಾಯಿಲೆ ಮತ್ತೆ ತಲೆ ಎತ್ತುವುದನ್ನು ವೈದ್ಯರು ಕಂಡಿದ್ದಾರೆ. ಇಲ್ಲಿ ಒಂದು ವಿಚಿತ್ರವಿದೆ. ಸ್ಕರ್ವಿಯನ್ನು ದೂರವಿಡಲು ದಿನಕ್ಕೆ ಸುಮಾರು 10 ಮಿಲಿಗ್ರಾಂ ಸಿ ಜೀವಸತ್ವ ಸಾಕು. ಒಂದು ಕಿತ್ತಳೆ ಹಣ್ಣಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಕಿತ್ತಳೆಯನ್ನು ಯಾರೂ ಬೇಯಿಸುವುದಿಲ್ಲ. ಬೇಯಿಸಿದರೆ ಆ ಜೀವಸತ್ವದ ಒಂದಷ್ಟು ಪಾಲು ಹಾಳಾಗುತ್ತದೆ ಕೂಡ. ಅಂದರೆ ಅಡುಗೆ ಬಾರದವರ ದೇಹಕ್ಕೆ ಮೊದಲು ಕೊರತೆಯಾಗುವುದು ಅಡುಗೆಯೇ ಬೇಡದ ಪದಾರ್ಥಗಳದ್ದು! ಊಟವೆಂದರೆ ಒಲೆಯಿಂದ ಇಳಿದದ್ದು ಎಂದು ನಂಬಿರುವುದರಿಂದ, ಒಲೆ ಹಚ್ಚಲು ಬಾರದವರು ಊಟವನ್ನೇ ಅರ್ಧಕ್ಕೆ ಇಳಿಸಿಬಿಡುತ್ತಾರೆ. ಕೈಯಲ್ಲಿ ಸುಲಿದು ತಿನ್ನಬಹುದಾದದ್ದು ಅವರ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಬೆಂಕಿ ನಿಜಕ್ಕೂ ಬೇಕಾಗುವುದು ಯಾವುದಕ್ಕೆ? ಪಟ್ಟಿ ಅಂಥ ಉದ್ದವೇನಲ್ಲ: ಪಿಷ್ಟ, ಕಾಳು, ಮೊಟ್ಟೆ, ಮೀನು ಮತ್ತು ಮಾಂಸ. ಹಸಿ ಅಕ್ಕಿಯಲ್ಲಾಗಲಿ ಆಲೂಗಡ್ಡೆಯಲ್ಲಾಗಲಿ ಪಿಷ್ಟವು ಬಿಗಿಯಾಗಿ ಒತ್ತಿಕೊಂಡ ಸೂಕ್ಷ್ಮ ಕಣಗಳಲ್ಲಿ ಅಡಗಿರುತ್ತದೆ. ನಮ್ಮ ಜೊಲ್ಲಿನ ಮತ್ತು ಕರುಳಿನ ಕಿಣ್ವಗಳಿಗೆ ಅದರೊಳಗೆ ನುಗ್ಗುವುದು ಕಷ್ಟ. ನೀರಿನೊಡನೆ 60ರಿಂದ 75 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಾಗ ಆ ಕಣಗಳು ನೀರು ಹೀರಿ ಉಬ್ಬುತ್ತವೆ, ಸಡಿಲಗೊಳ್ಳುತ್ತವೆ, ಕೊನೆಗೆ ಒಡೆದು ಅಂಟಾಗುತ್ತವೆ. ಅಗುಳನ್ನು ಬೆರಳುಗಳ ನಡುವೆ ಹಿಸುಕಿ ‘ಬೆಂದಿದೆ’ ಎನ್ನುವಾಗ ನಾವು ಪರೀಕ್ಷಿಸುವುದು ಇದನ್ನೇ. ಮೊಟ್ಟೆಯ ಕಥೆ ಬೇರೆ. ಹಸಿ ಮೊಟ್ಟೆಯೇ ಹೆಚ್ಚು ಪುಷ್ಟಿಕರ ಎಂದು ವ್ಯಾಯಾಮಶಾಲೆಗಳಲ್ಲಿ ಇಂದಿಗೂ ಹೇಳುವವರಿದ್ದಾರೆ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದು ನೋಡಿದಾಗ, ಬೆಂದ ಮೊಟ್ಟೆಯ ಪ್ರೋಟೀನ್ ಶೇ. 91ರಷ್ಟು ಜೀರ್ಣವಾಗಿತ್ತು, ಹಸಿಯದು ಕೇವಲ ಶೇ. 51ರಷ್ಟು. ಹಸಿ ಮೊಟ್ಟೆ ಕುಡಿದವರು ಅದರ ಅರ್ಧವನ್ನು ಸುಮ್ಮನೆ ಕಳೆದುಕೊಂಡಂತೆ. ಬಿಳಿಭಾಗದ ಪ್ರೋಟೀನ್‌ಗಳು 62 ಡಿಗ್ರಿಯ ಸುಮಾರಿಗೆ ಗಟ್ಟಿಯಾಗತೊಡಗಿ, 80ರ ಹೊತ್ತಿಗೆ ಪೂರ್ತಿ ಬಿಗಿಯುತ್ತವೆ. ಹಳದಿ ಭಾಗ ಇವೆರಡರ ನಡುವೆಯೇ ಗಟ್ಟಿಯಾಗುತ್ತದೆ.

60, 75, 80. ಯಾವುದೂ 100ನ್ನು ಮುಟ್ಟುವುದಿಲ್ಲ. ಅಡುಗೆ ಬಾರದವರ ಅದೃಷ್ಟ ಅಡಗಿರುವುದೇ ಇಲ್ಲಿ. ಸಮುದ್ರಮಟ್ಟದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ಆ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಕೋಣೆಯ ಉಷ್ಣತೆಯ ಒಂದು ಕಿಲೋ ನೀರನ್ನು ಕುದಿಯ ಹಂತಕ್ಕೆ ತರಲು ಸುಮಾರು 330 ಕಿಲೋಜೂಲ್ ಶಕ್ತಿ ಬೇಕು. ಕುದಿಯುತ್ತಿರುವ ಅದೇ ನೀರು ಪೂರ್ತಿ ಆವಿಯಾಗಲು ಬೇಕಾಗುವುದು ಸುಮಾರು 2,260 ಕಿಲೋಜೂಲ್. ಆದ್ದರಿಂದ ಪಾತ್ರೆಯಲ್ಲಿ ನೀರು ಇರುವಷ್ಟು ಹೊತ್ತು ಅದರೊಳಗಿನದು ಸೀದುಹೋಗುವ ಪ್ರಶ್ನೆಯೇ ಇಲ್ಲ. ಹದವಾದ ಉರಿ, ಜೋರು ಉರಿ ಎಂಬ ಅನುಭವಿಗಳ ಮಾತೆಲ್ಲ ನೀರಿನ ಮುಂದೆ ಅರ್ಥ ಕಳೆದುಕೊಳ್ಳುತ್ತದೆ. ಸಣ್ಣಗೆ ಕುದಿಯುವ ನೀರು ಮತ್ತು ಕೊತಕೊತ ಕುದಿಯುವ ನೀರು ಹೆಚ್ಚುಕಡಿಮೆ ಅಷ್ಟೇ ಬಿಸಿ. ಎರಡನೆಯದರಲ್ಲಿ ಇಂಧನ ಹೆಚ್ಚು ಉರಿಯುತ್ತದೆ, ಅಷ್ಟೇ. ಬಾಣಲೆಯ ಎಣ್ಣೆಗೆ ಇಂಥ ಕಡಿವಾಣವಿಲ್ಲ. ಅದು 150, 200, 250 ಎಂದು ಹೊಗೆಯೇಳುವವರೆಗೂ ಏರುತ್ತಲೇ ಹೋಗುತ್ತದೆ. ಹೊಸಬರಿಗೆ ಮೊದಲ ದಿನವೇ ಬಾಣಲೆ ಕೊಟ್ಟು ‘ಏನಾದರೂ ಹುರಿದುಕೋ’ ಎನ್ನುವವರಿಗೆ ಏನು ಹೇಳಬೇಕೋ ತಿಳಿಯದು.

ಆದ್ದರಿಂದ ಮೊದಲ ಪಾಠ ಮೊಟ್ಟೆಯೇ ಆಗಲಿ. ಕುದಿಯುವ ನೀರಿಗೆ ಚಮಚದಲ್ಲಿ ಮೆಲ್ಲಗೆ ಇಳಿಸಿ ಗಡಿಯಾರ ನೋಡಿದರಾಯಿತು. ಏಳು ನಿಮಿಷಕ್ಕೆ ಹಳದಿ ಭಾಗ ಇನ್ನೂ ಮೆತ್ತಗಿರುತ್ತದೆ, ಹತ್ತರಿಂದ ಹನ್ನೆರಡಕ್ಕೆ ಗಟ್ಟಿಯಾಗುತ್ತದೆ. ಅಲ್ಲಿಗೆ ಸುಮಾರು ಆರು ಗ್ರಾಂ ಪ್ರೋಟೀನ್ ಕೈಸೇರಿತು. ಬಹಳ ಹೊತ್ತು ಬಿಟ್ಟರೆ ಹಳದಿಯ ಸುತ್ತ ಹಸಿರು ಬೂದು ಬಣ್ಣದ ಬಳೆಯೊಂದು ಮೂಡುತ್ತದೆ. ಬಿಳಿಭಾಗದ ಗಂಧಕ ಮತ್ತು ಹಳದಿಯ ಕಬ್ಬಿಣ ಸೇರಿ ಉಂಟಾದದ್ದು ಅದು. ನೋಡಲು ಚೆನ್ನಾಗಿರುವುದಿಲ್ಲ, ತಿಂದರೆ ತೊಂದರೆಯಿಲ್ಲ. ಸಿಪ್ಪೆಯೊಂದಿಗೆ ಅರ್ಧ ಬಿಳಿಭಾಗವೂ ಕಿತ್ತುಬಂದರೆ ನಿಮ್ಮ ಕೈಗುಣವನ್ನು ಬಯ್ದುಕೊಳ್ಳಬೇಡಿ, ಮೊಟ್ಟೆ ತೀರಾ ತಾಜಾ ಇದ್ದಿರಬೇಕು. ದಿನ ಕಳೆದಂತೆ ಸಿಪ್ಪೆಯ ಸೂಕ್ಷ್ಮರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಬಿಳಿಭಾಗ ಹೆಚ್ಚು ಕ್ಷಾರೀಯವಾಗುತ್ತದೆ, ಒಳಪೊರೆಯ ಹಿಡಿತ ಸಡಿಲವಾಗುತ್ತದೆ. ವಾರದ ಹಿಂದಿನ ಮೊಟ್ಟೆ ಸಲೀಸಾಗಿ ಸುಲಿಯುವುದು ಇದರಿಂದಲೇ. ಮೈಕ್ರೋವೇವ್‌ನಲ್ಲಿ ಮಾತ್ರ ಇಡೀ ಮೊಟ್ಟೆಯನ್ನು ಇಡಬಾರದು. ಒಳಗಿನ ತೇವ ಕುದಿಬಿಂದು ದಾಟಿ ಕಾದು, ಹೊರಹೋಗಲು ದಾರಿಯಿಲ್ಲದೆ, ತೆಗೆದು ಚಾಕು ತಾಗಿಸಿದ ಕ್ಷಣದಲ್ಲಿ ಸಿಡಿಯಬಹುದು. ಆಲೂಗಡ್ಡೆಗೂ ಈ ಎಚ್ಚರ ಬೇಕು, ಆದರೆ ಅಲ್ಲಿ ಮುಳ್ಳುಚಮಚದಿಂದ ನಾಲ್ಕೈದು ಕಡೆ ಚುಚ್ಚಿದರೆ ಸಾಕು. ಹಸಿರುಗಟ್ಟಿದ ಆಲೂಗಡ್ಡೆಯನ್ನು ಬಿಸಾಡಿ. ಅದರಲ್ಲಿ ಹೆಚ್ಚುವ ಸೊಲನೈನ್ ಎಂಬ ವಿಷ ಕುದಿಸಿದರೂ ಹೋಗದು.

ಅನ್ನ ಮಾಡುವ ವಿದ್ಯುತ್ ಕುಕ್ಕರ್ ಈ ನೂರು ಡಿಗ್ರಿಯ ನಿಯಮವನ್ನೇ ನಂಬಿ ಬದುಕುವ ಯಂತ್ರ. ಸಾದಾ ಕುಕ್ಕರಿನ ತಳದಲ್ಲಿ ಒಂದು ಕಾಂತವನ್ನೂ, ಅದು ಎಳೆದು ಹಿಡಿದಿರುವ ವಿಶೇಷ ಲೋಹದ ಬಿಲ್ಲೆಯನ್ನೂ ಇಟ್ಟಿರುತ್ತಾರೆ. ಪಾತ್ರೆಯಲ್ಲಿ ಹರಿದಾಡುವ ನೀರಿರುವವರೆಗೆ ತಳ 100 ಡಿಗ್ರಿಯ ಸುಮಾರಿನಲ್ಲೇ ಇರುತ್ತದೆ. ಅಕ್ಕಿ ನೀರನ್ನೆಲ್ಲ ಹೀರಿಕೊಂಡ ಕೂಡಲೇ ತಳದ ಬಿಸಿ ಮೇಲೇರುತ್ತದೆ. ಪ್ರತಿಯೊಂದು ಕಾಂತೀಯ ಪದಾರ್ಥವೂ ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಕ್ಯೂರಿ 1895ರಲ್ಲಿ ಮಂಡಿಸಿದ ಪ್ರಬಂಧ ಇದರ ಕುರಿತದ್ದು. ಬಿಲ್ಲೆಯ ಲೋಹವನ್ನು ನೂರಕ್ಕಿಂತ ತುಸು ಮೇಲೆ ಸೋಲುವಂತೆ ಆರಿಸಿರುತ್ತಾರೆ. ಅದು ಕೈಬಿಟ್ಟೊಡನೆ ಸ್ಪ್ರಿಂಗ್ ಗುಂಡಿಯನ್ನು ‘ಟಕ್’ ಎಂದು ಮೇಲಕ್ಕೆ ಚಿಮ್ಮಿಸುತ್ತದೆ. ಅಕ್ಕಿ ಎಷ್ಟಿದೆ ಎಂದು ಆ ಯಂತ್ರಕ್ಕೆ ಗೊತ್ತಿಲ್ಲ, ಗಡಿಯಾರವೂ ಅದಕ್ಕಿಲ್ಲ. ನೀರು ಮುಗಿದದ್ದಷ್ಟೇ ಅದಕ್ಕೆ ತಿಳಿಯುವುದು. ಒಬ್ಬರೇ ಇರುವವರು ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಇದನ್ನೇ ಕೊಳ್ಳಲಿ ಎನ್ನುವುದು ನನ್ನ ಪಕ್ಷಪಾತ. ಅಕ್ಕಿಯ ಜೊತೆಗೇ ತೊಳೆದ ಬೇಳೆ, ಒಂದು ಹಿಡಿ ಬಟಾಣಿ, ಹೆಚ್ಚಿದ ಕ್ಯಾರೆಟ್ ಹಾಕಿ, ಅದಕ್ಕೆ ತಕ್ಕಂತೆ ನೀರು ಹೆಚ್ಚಿಸಿದರೂ ಅದು ತಕರಾರು ಮಾಡುವುದಿಲ್ಲ.

ಬೇಳೆ ಹಾಕಿ ಎಂದದ್ದು ರುಚಿಗಲ್ಲ. ಧಾನ್ಯಗಳ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯಗಳಲ್ಲಿ ಸಿಗುತ್ತದೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಉಣ್ಣಬೇಕೆಂದೇನಿಲ್ಲ, ಒಂದೇ ದಿನದಲ್ಲಿ ಬಂದರೆ ದೇಹ ಹೊಂದಿಸಿಕೊಳ್ಳುತ್ತದೆ. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ಲೆಕ್ಕ. 60 ಕಿಲೋ ತೂಗುವವರಿಗೆ 48 ಗ್ರಾಂ. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು ಅಥವಾ ಮೊಸರು, ಒಂದು ಹಿಡಿ ಕಡಲೆಕಾಯಿ ಬೀಜ, ಅದರ ಮೇಲೆ ಅನ್ನ ಬೇಳೆ ಎಂದರೆ ಆ ಲೆಕ್ಕ ಹತ್ತಿರ ಬಂದೇಬಿಡುತ್ತದೆ. ಪ್ರಾಣಿಮೂಲದ ಏನನ್ನೂ ತಿನ್ನದವರು ಬಿ12 ಜೀವಸತ್ವವನ್ನು ಮಾತ್ರೆಯಿಂದಲೋ, ಅದನ್ನು ಸೇರಿಸಿದ ಆಹಾರದಿಂದಲೋ ಪಡೆಯಬೇಕು.

ನೀರು ನಮ್ಮ ಪರ ನಿಲ್ಲದ ಜಾಗವೊಂದಿದೆ. ರಾಜ್ಮಾ ಕಾಳಿನಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇರುತ್ತದೆ. ನಾಲ್ಕೈದು ಹಸಿ ಕಾಳು ಸಾಕು, ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗಬಹುದು. 80 ಡಿಗ್ರಿಯ ಹದದಲ್ಲಿ ನಿಧಾನವಾಗಿ ಬೇಯಿಸಿದರೆ ವಿಷ ಕಡಿಮೆಯಾಗುವುದಿರಲಿ, ಹಲವು ಪಟ್ಟು ಹೆಚ್ಚಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಲೇಬೇಕು. ವಿಷ ನಾಶವಾಗಲು ಹತ್ತು ನಿಮಿಷದ ಕುದಿ ಸಾಕಾದರೂ ಅರ್ಧ ಗಂಟೆ ಕುದಿಸುವುದು ಕ್ಷೇಮ. ಕಾಳು ಮೆತ್ತಗಾಗಲು ಅದಕ್ಕಿಂತಲೂ ಹೆಚ್ಚು ಹೊತ್ತು ಬೇಕು. ಎತ್ತರದ ಪ್ರದೇಶಗಳಲ್ಲಿ ನೀರು ಪ್ರತಿ 300 ಮೀಟರ್‌ಗೆ ಸುಮಾರು ಒಂದು ಡಿಗ್ರಿಯಷ್ಟು ಬೇಗ ಕುದಿಯುವುದರಿಂದ ಬೇಯುವುದು ಮತ್ತೂ ತಡ. 1679ರಲ್ಲಿ ಡೆನಿ ಪಾಪ್ಯಾಂ ಕಂಡುಹಿಡಿದ ಒತ್ತಡದ ಪಾತ್ರೆ ಈ ಗೋಡೆಯನ್ನು ಒಡೆಯಿತು. ಇಂದಿನ ಪ್ರೆಶರ್ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯವರೆಗೂ ಏರುತ್ತದೆ. ಅದರ ಸಿಳ್ಳೆಗೆ ಬೆದರುವವರು ಡಬ್ಬಿಯ ಕಾಳು ತರಲಿ. ಕಾರ್ಖಾನೆಯಲ್ಲೇ ಚೆನ್ನಾಗಿ ಬೆಂದಿರುತ್ತದೆ, ಉಪ್ಪುನೀರನ್ನು ತೊಳೆದು ತಿಂದರಾಯಿತು.

ಒಬ್ಬರಿಗಷ್ಟೇ ಅಡುಗೆ ಮಾಡಿದಾಗ ಮಿಕ್ಕುವುದು ಖಚಿತ. ಅಡುಗೆ ಬಾರದವರು ಹಸಿ ಪದಾರ್ಥಕ್ಕೆ ಹೆದರುತ್ತಾರೆ, ಹೆದರಬೇಕಾದದ್ದು ಮಿಕ್ಕ ಅನ್ನಕ್ಕೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕುಳಿತಿದ್ದರೆ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ತಯಾರಿಸುತ್ತವೆ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆ ವಿಷ ಸಾಯುವುದಿಲ್ಲ. 5ರಿಂದ 60 ಡಿಗ್ರಿಯ ನಡುವಿನ ಅವಧಿ ಅಪಾಯದ್ದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಒಂದು ಬ್ಯಾಕ್ಟೀರಿಯಾ ಏಳು ಗಂಟೆಗಳಲ್ಲಿ 20 ಲಕ್ಷ ದಾಟುತ್ತದೆ. ಮಿಕ್ಕದ್ದನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ ಇಲ್ಲವಾದರೆ ಮಿಗದಂತೆ ಮಾಡಿ.

ತರಕಾರಿಯ ಬಗ್ಗೆ ಒಂದು ಮೂಢನಂಬಿಕೆ ಬಿಡಬೇಕು. ಹೆಪ್ಪುಗಟ್ಟಿಸಿದ ಬಟಾಣಿ ತಾಜಾ ಬಟಾಣಿಗಿಂತ ಕೀಳೇನಲ್ಲ. ಕೊಯ್ದ ಕೆಲವೇ ಗಂಟೆಗಳಲ್ಲಿ ಬಿಸಿನೀರಿಗೆ ಅದ್ದಿ ಹೆಪ್ಪುಗಟ್ಟಿಸುವುದರಿಂದ ಅದರ ಜೀವಸತ್ವಗಳು ಬಹುಪಾಲು ಉಳಿದಿರುತ್ತವೆ. ‘ತಾಜಾ’ ಎಂದು ಮೂರು ದಿನ ಬುಟ್ಟಿಯಲ್ಲಿ ಬಾಡಿದ್ದರ ಬಗ್ಗೆ ಹಾಗೆನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿಯಲ್ಲಿ ಅರ್ಧವನ್ನು ಬಾಳೆಹಣ್ಣು, ಟೊಮೆಟೊ, ಸೌತೆಕಾಯಿಗಳೇ ತುಂಬಬಲ್ಲವು, ಒಲೆಯ ಹಂಗಿಲ್ಲದೆ.

ಇಷ್ಟೆಲ್ಲ ಏಕೆ, ಪೊಟ್ಟಣ ಹರಿದು ನೂಡಲ್ಸ್ ಮಾಡಿಕೊಂಡರಾಗದೇ ಎನ್ನಬಹುದು. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಮಾಡಿದ್ದು ಜಾಣತನದ ಕೆಲಸವೇ. ಬೆಂದ ಎಳೆಗಳನ್ನು ಎಣ್ಣೆಯಲ್ಲಿ ಕರಿದಾಗ ನೀರು ಆವಿಯಾಗಿ ಹಾರಿ ಸೂಕ್ಷ್ಮರಂಧ್ರಗಳು ಉಳಿಯುತ್ತವೆ, ಆ ರಂಧ್ರಗಳಿಗೆ ಬಿಸಿನೀರು ನುಗ್ಗಿ ಎಳೆ ಕ್ಷಣದಲ್ಲಿ ಮೆದುವಾಗುತ್ತದೆ. ಅಪರೂಪಕ್ಕೆ ಅಡ್ಡಿಯಿಲ್ಲ. ನಿತ್ಯದ ಊಟವಾದರೆ ಉಪ್ಪು ಹೆಚ್ಚು, ನಾರು ಕಡಿಮೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸರಳವಾಗಿ ತಯಾರಿಸಿದ ಆಹಾರ ಕೊಟ್ಟಿತು. ಎಷ್ಟು ಬೇಕಾದರೂ ತಿನ್ನಿ ಎಂದಾಗ, ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ತೂಕ ಏರಿಸಿಕೊಂಡರು.

ನೀರಿನಲ್ಲಿ ಬೆಂದದ್ದು ಸಪ್ಪೆ ಎಂಬ ದೂರು ಮಾತ್ರ ನ್ಯಾಯವಾದದ್ದು. ಬ್ರೆಡ್ಡಿನ ಕೆಂಪು ಮೇಲ್ಪದರ, ಹುರಿದ ಬೀಜದ ಘಮ ಇವೆಲ್ಲ ಅಮೈನೋ ಆಮ್ಲ ಮತ್ತು ಸಕ್ಕರೆಗಳ ನಡುವಿನ ಮೈಯಾರ್ ಕ್ರಿಯೆಯಿಂದ ಬರುವಂಥವು. 140 ಡಿಗ್ರಿ ದಾಟದೆ ಅದು ಚುರುಕಾಗುವುದಿಲ್ಲ, ನೀರು ಅಲ್ಲಿಗೆ ಹೋಗಲು ಬಿಡುವುದಿಲ್ಲ. ಅದಕ್ಕೇ ಆ ರುಚಿಯನ್ನು ಬೇರೆಯವರಿಂದ ಮಾಡಿಸಿಕೊಳ್ಳಬೇಕು: ಹುರಿದೇ ಮಾರುವ ಬೀಜಗಳನ್ನು ಅನ್ನದ ಮೇಲೆ ಉದುರಿಸಿ, ನಿಂಬೆ ಹಿಂಡಿ, ಮೆಣಸಿನ ಪುಡಿ ಚಿಮುಕಿಸಿ. ಕೆಲವು ವಾರಗಳಲ್ಲಿ ಇದೂ ಬೇಸರ ತಂದು ಕೈ ತಾನಾಗಿ ಬಾಣಲೆಯತ್ತ ಹೋಗುತ್ತದೆ. ಹೋಗಲಿ. ಅಲ್ಲಿ ನೀರಿನ ಕುರಿತು ಕಲಿತದ್ದನ್ನು ತಿರುಗಿಸಿ ಹಿಡಿಯಬೇಕು, ಅಷ್ಟೇ. ಕಾದ ಎಣ್ಣೆಗೆ ಬಿದ್ದ ನೀರು ಒಮ್ಮೆಲೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಎಣ್ಣೆಯನ್ನು ಎಲ್ಲೆಡೆ ಎರಚುತ್ತದೆ. ತರಕಾರಿಯನ್ನು ಒರೆಸಿ ಹಾಕಿ. ಎಣ್ಣೆಗೆ ಬೆಂಕಿ ಹೊತ್ತಿಕೊಂಡರೆ ನೀರು ಸುರಿಯದೆ ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಪಾತ್ರೆ ಪೂರ್ತಿ ತಣ್ಣಗಾಗುವವರೆಗೆ ಅದನ್ನು ತೆಗೆಯಬೇಡಿ.