ಆ್ಯಪ್ ಸುಮ್ಮನಿದೆ ಅಂತ ಒಳಗೆ ಹೋಗಬೇಡಿ

ಟೆಕ್ಸಾಸ್‌ನಲ್ಲಿ ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡುವ ಲೈಸೆನ್ಸಿಗೆ ನಾನು ತರಬೇತಿ ಕೊಡುತ್ತೇನೆ. ಕ್ಲಾಸಿನಲ್ಲಿ ಒಬ್ಬರಾದರೂ ಕೇಳುತ್ತಾರೆ: "ಗನ್ ತರಬಾರದ ಅಂಗಡಿ ಹತ್ತಿರ ಹೋದರೆ ಫೋನೇ ಎಚ್ಚರಿಸುವ ಆ್ಯಪ್ ಇದೆಯಲ್ಲ, ಅಷ್ಟು ಸಾಕಲ್ವಾ?" ಆ್ಯಪ್ ಹಾಕಿಕೊಳ್ಳಿ, ಒಳ್ಳೆಯದೇ. ಆದರೆ ನಿಮ್ಮನ್ನು ತಡೆಯುವುದು ಬಾಗಿಲ ಮೇಲಿನ ಬೋರ್ಡು. ಫೋನ್ ಏನು ಹೇಳಿತ್ತು ಅಂತ ಪೊಲೀಸರು ಕೇಳುವುದಿಲ್ಲ.

ಬೋರ್ಡುಗಳಲ್ಲೂ ಬೇರೆ ಬೇರೆ ಇವೆ, ಅವನ್ನು ಕರೆಯುವುದು ಟೆಕ್ಸಾಸ್ ದಂಡ ಸಂಹಿತೆಯ ಸೆಕ್ಷನ್ ನಂಬರಿನಿಂದ. 30.06 ಅಂತ ಇದ್ದರೆ ಲೈಸೆನ್ಸ್ ಇದ್ದವರು ಗನ್ ಮರೆಮಾಡಿಕೊಂಡು ಒಳಗೆ ಹೋಗುವಂತಿಲ್ಲ. 30.07 ಇದ್ದರೆ ಹೊರಗೆ ಕಾಣುವಂತೆ ಸಿಕ್ಕಿಸಿಕೊಂಡು ಹೋಗುವಂತಿಲ್ಲ. ಎರಡೂ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಇರಬೇಕು, ಅಕ್ಷರ ಕಡಿಮೆ ಅಂದರೂ 1 ಇಂಚು ಎತ್ತರ ಇರಬೇಕು. 2021ರ ಸೆಪ್ಟೆಂಬರ್‌ನಿಂದ ಅರ್ಹರಾದವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಅಂಥವರನ್ನು ತಡೆಯಲು 30.05ರ ಬೋರ್ಡು. ಹಾಗಾಗಿ ಒಂದೇ ಬಾಗಿಲಲ್ಲಿ ನಿಮಗೆ ತಡೆ ಇಲ್ಲದೆ, ಜೊತೆಗಿದ್ದ ಗೆಳೆಯನಿಗೆ ಇರಬಹುದು. ಕೆಂಪು ಅಕ್ಷರದ 51% ಬೋರ್ಡು ಕಂಡರಂತೂ ಒಳಗೆ ಹೋಗುವ ಯೋಚನೆಯೇ ಬೇಡ, ಅದು ಬಾರ್, ಅಂದರೆ ಆದಾಯದ 51% ಅಥವಾ ಹೆಚ್ಚು ಅಲ್ಲೇ ಕುಡಿಯುವ ಮದ್ಯದಿಂದ ಬರುವ ಜಾಗ. ಅಲ್ಲಿಗೆ ಗನ್ ಒಯ್ದರೆ ದಂಡ ಕಟ್ಟಿ ಮುಗಿಸುವ ಮಾತಲ್ಲ, ಜೈಲಿನ ಮಾತು.

ಇನ್ನು ಆ್ಯಪ್ ಕೆಲಸ ಮಾಡುವ ಬಗೆ. ಇಂಥ ಆ್ಯಪ್‌ಗಳಿಗೆ ಮಾಹಿತಿ ಬರುವುದು ಹೆಚ್ಚಾಗಿ ಬಳಕೆದಾರರಿಂದ. ಯಾರಾದರೂ ಬೋರ್ಡು ನೋಡಿ ಫೋಟೊ ಹಾಕಬೇಕು. ನಿನ್ನೆ ಅಂಟಿಸಿದ ಬೋರ್ಡು ಇವತ್ತು ಅದರಲ್ಲಿ ಇರಬೇಕೆಂದೇನಿಲ್ಲ. ಪ್ರತಿ ಜಾಗದ ಸುತ್ತ ಅದು ಕಣ್ಣಿಗೆ ಕಾಣದ ಒಂದು ವೃತ್ತ ಹಾಕುತ್ತದೆ, ನೀವು ಅದರೊಳಗೆ ಬಂದರೆ ಫೋನ್ ಸದ್ದು ಮಾಡುತ್ತದೆ. ಐಫೋನ್ ಒಂದು ಆ್ಯಪ್‌ಗೆ ಏಕಕಾಲಕ್ಕೆ ಇಂಥ 20 ವೃತ್ತಗಳನ್ನು ಮಾತ್ರ ಕೊಡುತ್ತದೆ, ಆಂಡ್ರಾಯ್ಡ್ 100. ವೃತ್ತ ತೀರಾ ಚಿಕ್ಕದಾದರೆ ಜಿಪಿಎಸ್‌ಗೆ ಸಿಗುವುದಿಲ್ಲ, 100 ಮೀಟರ್ ಆದರೂ ಬೇಕಾಗುತ್ತದೆ. ಸಾಲು ಅಂಗಡಿಗಳ ಜಾಗದಲ್ಲಿ 100 ಮೀಟರ್ ಅಂದರೆ ಬಾರು, ದಿನಸಿ ಅಂಗಡಿ, ಕ್ಷೌರದಂಗಡಿ ಎಲ್ಲಾ ಒಂದೇ ವೃತ್ತದೊಳಗೆ! ಸುಮ್ನೆ ಬಡಿದುಕೊಳ್ಳುತ್ತೆ ಅಂತ ಜನ ಸದ್ದು ಬಂದ್ ಮಾಡಿಬಿಡುತ್ತಾರೆ. ನನಗೆ ಜಾಸ್ತಿ ಭಯ ಇದರದ್ದೇ. ಬ್ಯಾಟರಿ ಉಳಿಸುವ ಮೋಡ್ ಕೂಡ ಆ್ಯಪನ್ನು ಮಲಗಿಸಿಬಿಡಬಹುದು.

ಎಚ್ಚರಿಕೆ ಬಂದಮೇಲೆ ಪಾರ್ಕಿಂಗ್‌ನಲ್ಲಿ ಪಿಸ್ತೂಲು ತೆಗೆದು ಸೀಟಿನ ಕೆಳಗೆ ತುರುಕಬೇಡಿ. ಕಳ್ಳರು ಹುಡುಕುವ ಜಾಗವೇ ಅದು. ಹೊರಡುವ ಮೊದಲೇ ಆ್ಯಪಿನ ಮ್ಯಾಪ್ ನೋಡಿ, ಮನೆಯ ಸೇಫ್‌ನಲ್ಲಿ ಬಿಟ್ಟು ಹೋಗಿ. ಆಗದಿದ್ದರೆ ಕಾರಿಗೆ ಕೇಬಲ್‌ನಿಂದ ಬಿಗಿದ ಲಾಕ್‌ಬಾಕ್ಸ್ ಇರಲಿ. ಒಳಗೆ ಹೋದಮೇಲೆ ಮಾಲೀಕರು ಹೊರಗೆ ಹೋಗಿ ಅಂದರೆ ವಾದ ಬೇಡ, ಹೊರಡಿ. 30.06ರ ಬೋರ್ಡು ಮೀರಿದರೆ 200 ಡಾಲರ್‌ವರೆಗೆ ದಂಡ. ಬಾಯಿಬಿಟ್ಟು ಹೇಳಿದ ಮೇಲೂ ನಿಂತರೆ ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ.

ಡಲ್ಲಾಸ್, ಆಸ್ಟಿನ್ ಕಡೆಯ ನಮ್ಮ ಕನ್ನಡದ ಹುಡುಗರಿಗೆ ಇನ್ನೊಂದು ಮಾತು. ಎಚ್-1ಬಿ, ಎಫ್-1 ವೀಸಾದಲ್ಲಿ ಇರುವವರು ಗನ್ ಆಗಲಿ, ಗುಂಡಾಗಲಿ ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವೇ ಇಲ್ಲ. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಕೈಗೆತ್ತಿಕೊಂಡರೂ ವೀಸಾದವರಿಗೆ ಈ ನಿಷೇಧ ಅನ್ವಯಿಸುತ್ತದೆ. ಗನ್ ಕೇಸಿನಲ್ಲಿ ಶಿಕ್ಷೆಯಾದರೆ ಗಡೀಪಾರೂ ಆಗಬಹುದು. ಟೆಕ್ಸಾಸ್‌ನಲ್ಲಿ ಲೈಸೆನ್ಸೇ ಬೇಡವಂತೆ ಅನ್ನುವ ಮಾತು ನಂಬಿ ಗನ್ ಅಂಗಡಿಗೆ ಹೋಗುವ ಮೊದಲು ವಲಸೆ ವಕೀಲರನ್ನು ಕಾಣಿ.