‘ಮಡಿ ಜಾಸ್ತಿ’ ಅಂದುಕೊಂಡಿದ್ದ ಕಾಯಿಲೆ

ಸೋಮವಾರಪೇಟೆ ಕಡೆ ನಮ್ಮ ದೊಡ್ಡಮ್ಮನ ಮನೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುತ್ತಿರಲಿಲ್ಲ. ಬಚ್ಚಲಿನ ಹಂಡೆ ಬಿಟ್ಟರೆ ಮುಟ್ಟಿದ್ದೆಲ್ಲ ತಣ್ಣಗೆ. ಆ ಚಳಿಯಲ್ಲೂ ದೊಡ್ಡಮ್ಮ ದಿನಕ್ಕೆ ನಲವತ್ತು ಐವತ್ತು ಸಲ ಕೈ ತೊಳೆಯುತ್ತಿದ್ದರು. ತೋಟದಿಂದ ಬಂದವರ ಕಾಲಿಗೆ ಉಂಬಳ ಹತ್ತಿ ರಕ್ತ ಇಳಿದಿದ್ದರೆ ಮುಗಿಯಿತು. ಅವರು ದಾಟಿದ ಹೊಸಿಲು, ಹಿಡಿದ ಚೊಂಬು, ಕೂತ ಬೆಂಚು, ಎಲ್ಲವನ್ನೂ ತೊಳೆಯಬೇಕು. ತೊಳೆದ ಮೇಲೆ, ಸರಿಯಾಗಿ ತೊಳೆದೆನಾ ಅನ್ನುವ ಅನುಮಾನ. ಮತ್ತೆ ಮೊದಲಿಂದ. ಬೆರಳ ಸಂದಿಯ ಚರ್ಮ ಬಿಳಿಚಿ ಒಡೆದಿರುತ್ತಿತ್ತು. ಸಾರಿಗೆ ಹುಣಸೆಹಣ್ಣು ಕಿವುಚುವಾಗ ಉರಿಗೆ ಹಲ್ಲು ಕಚ್ಚುತ್ತಿದ್ದರು.

‘ಅವರಿಗೆ ಸ್ವಲ್ಪ ಮಡಿ ಜಾಸ್ತಿ’ ಅನ್ನುತ್ತಿದ್ದೆವು ನಾವೆಲ್ಲ. ಅದರಲ್ಲಿ ಹೊಗಳಿಕೆಯೂ ಇತ್ತು. ಆದರೆ ಮಡಿ ಮಾಡುವವರಿಗೆ ಮಿಂದು ಬಂದರೆ ನೆಮ್ಮದಿ ಸಿಗುತ್ತದೆ, ಅಲ್ವಾ? ದೊಡ್ಡಮ್ಮನಿಗೆ ಅದು ಸಿಗುತ್ತಲೇ ಇರಲಿಲ್ಲ. ಇಷ್ಟು ಸಣ್ಣ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳಲು ಇಪ್ಪತ್ತು ವರ್ಷ ಹಿಡಿಯಿತು.

ವೈದ್ಯರು ಒಸಿಡಿ ಅನ್ನುತ್ತಾರೆ, ಕನ್ನಡದಲ್ಲಿ ಗೀಳು ಕಾಯಿಲೆ. ಬೇಡ ಅಂದರೂ ಒಂದು ಯೋಚನೆ ನುಗ್ಗುತ್ತದೆ. ಎದೆ ಕಳವಳಗೊಳ್ಳುತ್ತದೆ. ಅದನ್ನು ತಣಿಸಲು ಒಂದು ಕೆಲಸ ಮಾಡಲೇಬೇಕು: ತೊಳೆಯುವುದು, ಚಿಲಕ ನೋಡುವುದು, ಎಣಿಸುವುದು, ಮನಸ್ಸಿನಲ್ಲೇ ದೇವರಲ್ಲಿ ತಪ್ಪಾಯಿತು ಅನ್ನುವುದು. ಸ್ವಲ್ಪ ಹೊತ್ತು ಆರಾಮ. ಆಮೇಲೆ ಅದೇ ಯೋಚನೆ ಇನ್ನೂ ಬಲವಾಗಿ ಬರುತ್ತದೆ.

ಇದಕ್ಕೆ ಬೇರೆ ಹೆಸರಿಟ್ಟು ಸುಮ್ಮನಾದವರು ನಾವು ಮಾತ್ರ ಅಲ್ಲ. ಯುರೋಪಿನಲ್ಲಿ ನೂರಾರು ವರ್ಷ ಇದು ಪಾದ್ರಿಗಳ ಬಳಿಗೆ ಹೋಗುವ ಸಂಗತಿಯಾಗಿತ್ತು. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳಿಕೊಳ್ಳುವ ಭಕ್ತರ ಸಂಕಟಕ್ಕೆ ಅಲ್ಲಿ ಬಳಸಿದ ಲ್ಯಾಟಿನ್ ಪದದ ಮೂಲ ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿದ ಹರಳಿನ ಹಾಗೆ ಹೆಜ್ಜೆ ಹೆಜ್ಜೆಗೂ ಚುಚ್ಚುವಂಥದ್ದು. ಇಷ್ಟು ಸರಿಯಾದ ಹೋಲಿಕೆ ನಾನು ಬೇರೆಲ್ಲೂ ನೋಡಿಲ್ಲ.

1838ರಲ್ಲಿ ಫ್ರಾನ್ಸಿನ ವೈದ್ಯ ಎಸ್ಕಿರೋಲ್ ಒಬ್ಬ ಮಹಿಳೆಯ ಕಥೆ ದಾಖಲಿಸಿದರು. ಹದಿನೆಂಟನೇ ವಯಸ್ಸಿನಲ್ಲಿ ಆಕೆಗೆ ಅನುಮಾನ ಶುರುವಾಯಿತು. ಬಂಧುವೊಬ್ಬರ ಮನೆಯಿಂದ ಹೊರಡುವಾಗ ತನಗೇ ಗೊತ್ತಿಲ್ಲದೆ ಅವರ ವಸ್ತು ಏನಾದರೂ ಜೇಬಿನಲ್ಲಿ ಬಂದುಬಿಟ್ಟಿದ್ದರೆ? ಆಮೇಲೆ, ದುಡ್ಡು ಮುಟ್ಟಿದಾಗ ಬೆರಳಿಗೇನಾದರೂ ಅಂಟಿಕೊಂಡಿದ್ದರೆ? ಇದಕ್ಕೆ ಅರ್ಥವಿಲ್ಲ ಅಂತ ಆಕೆಗೇ ಚೆನ್ನಾಗಿ ಗೊತ್ತಿತ್ತು. ಆದರೂ ಬೆರಳು ಉಜ್ಜಿಕೊಳ್ಳುವುದು ನಿಲ್ಲಲಿಲ್ಲ. 1877ರಲ್ಲಿ ಜರ್ಮನಿಯ ವೈದ್ಯ ವೆಸ್ಟ್‌ಫಾಲ್ ಈ ಮಾತನ್ನೇ ಒತ್ತಿ ಹೇಳಿದರು: ಬುದ್ಧಿ ನೆಟ್ಟಗಿದ್ದರೂ, ಬೇಡ ಅಂದರೂ, ಯೋಚನೆ ಬಲವಂತವಾಗಿ ನುಗ್ಗುತ್ತದೆ. ಅಂದರೆ ಇದು ಹುಚ್ಚಲ್ಲ. ನಮ್ಮೂರಿನಲ್ಲಿ ಎಷ್ಟೋ ಜನ ಡಾಕ್ಟರ ಹತ್ತಿರ ಹೋಗದೇ ಇರುವುದು ‘ಹುಚ್ಚು’ ಅನ್ನುವ ಆ ಒಂದು ಪದದ ಹೆದರಿಕೆಗೆ.

ಬಾಯಿಬಿಟ್ಟು ಹೇಳಲಾಗದ ಗೀಳೂ ಇದೆ. ಕೊಡಗಿನಲ್ಲಿ ಗೋಡೆಯ ಮೇಲೆ ಒಡಿಕತ್ತಿ, ಮೂಲೆಯಲ್ಲಿ ಕೋವಿ ಇರುವ ಮನೆ ಬೇಕಾದಷ್ಟಿವೆ. ಅಂಥ ಮನೆಯ ಬಾಣಂತಿಗೆ ‘ನಾನೇ ಮಗುವಿಗೆ ಏನಾದರೂ ಮಾಡಿಬಿಟ್ಟರೆ?’ ಅನ್ನುವ ಯೋಚನೆ ಬಂದರೆ ಯಾರಿಗೆ ಹೇಳಿಯಾಳು? ಕತ್ತಿ ಇರುವ ಕೋಣೆಗೇ ಕಾಲಿಡುವುದಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಾಳೆ. ಗೀಳು ಕಾಯಿಲೆಯ ಇಂಥ ಯೋಚನೆ ಆಸೆಯಲ್ಲ. ಅದು ಆಕೆಯ ಆಸೆಗೆ ನೇರ ವಿರುದ್ಧವಾದದ್ದು, ಅದಕ್ಕೇ ಅಷ್ಟು ನಡುಕ. ಇದನ್ನು ತಿಳಿದ ವೈದ್ಯರು ಹೌಹಾರುವುದಿಲ್ಲ. ದಯವಿಟ್ಟು ಹೇಳಿಕೊಳ್ಳಿ.

ಕಾಯಿಲೆ ಗುರುತಿಸಿದರೂ ಚಿಕಿತ್ಸೆ ಬೇಗ ಬರಲಿಲ್ಲ. ಫ್ರಾಯ್ಡ್ 1909ರಲ್ಲಿ ಇಂಥ ಒಬ್ಬ ರೋಗಿಯ ಬಗ್ಗೆ ವಿವರವಾಗಿ ಬರೆದರು. ಆಮೇಲೂ ಬಹುಕಾಲ ಇದು ಜಗ್ಗದ ಕಾಯಿಲೆ ಅಂತಲೇ ಹೆಸರಾಗಿತ್ತು. ದಾರಿ ತೆರೆದದ್ದು 1966ರಲ್ಲಿ, ಲಂಡನ್ನಿನಲ್ಲಿ. ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಇಬ್ಬರು ಮಹಿಳೆಯರ ಮೇಲೆ ಹೊಸ ವಿಧಾನ ಪ್ರಯತ್ನಿಸಿದರು. ಒಬ್ಬಾಕೆಗೆ ತೊಳೆಯುವ ಗೀಳು. ಕೊಳಕು ಅನ್ನಿಸುವ ವಸ್ತು ಮುಟ್ಟಿಸಿದರು, ಆಕೆಯ ಕೋಣೆಯ ನಲ್ಲಿ ಬಂದ್ ಮಾಡಿಸಿದರು. ನರ್ಸ್‌ಗಳು ಜೊತೆಗೇ ಇದ್ದರು. ತೊಳೆಯದಿದ್ದರೂ ಕಳವಳ ತಾನಾಗಿ ಇಳಿಯಿತು.

ಇಂದಿನ ಮುಖ್ಯ ಮಾತಿನ ಚಿಕಿತ್ಸೆ ಬೆಳೆದದ್ದು ಇದರಿಂದಲೇ. ಈಗ ಯಾರೂ ನಲ್ಲಿ ಕಟ್ಟುವುದಿಲ್ಲ. ರೋಗಿಯೇ ಒಪ್ಪಿ, ಸುಲಭದ್ದರಿಂದ ಶುರುಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾರೆ. ಮೊದಲು ಹೊಸಿಲು ಮುಟ್ಟಿ ಹತ್ತು ನಿಮಿಷ ಸುಮ್ನೆ ಕೂರುವುದು. ಆಮೇಲೆ ಅರ್ಧ ಗಂಟೆ.

ಮಾತ್ರೆಯ ದಾರಿಯೂ 1960ರ ದಶಕದ ಕೊನೆಯಲ್ಲೇ ಕಂಡಿತು. ಖಿನ್ನತೆಗೆ ಕೊಡುವ ಕ್ಲೋಮಿಪ್ರಮೀನ್ ಗೀಳಿಗೂ ಕೆಲಸ ಮಾಡುತ್ತದೆ ಅಂತ ವೈದ್ಯರು ಗಮನಿಸಿದರು. 1989ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಹೆಚ್ಚಾಗಿ ಫ್ಲುಯಾಕ್ಸಿಟಿನ್, ಸರ್ಟ್ರಲೀನ್, ಫ್ಲುವಾಕ್ಸಮೀನ್ ಥರದವು. ಖಿನ್ನತೆಗಿಂತ ಇಲ್ಲಿ ಪ್ರಮಾಣ ಸಾಮಾನ್ಯವಾಗಿ ಜಾಸ್ತಿ ಬೇಕು. ಫಲ ಕಾಣಲು 8ರಿಂದ 12 ವಾರ ಹಿಡಿಯಬಹುದು. ಮೂರನೇ ವಾರಕ್ಕೆ ‘ಏನೂ ಆಗಲಿಲ್ಲ’ ಅಂತ ಡಬ್ಬಿ ಮುಚ್ಚಿಡುವವರನ್ನು ಕಂಡರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 0.8ರಷ್ಟು ಜನರಿಗೆ ಈ ಕಾಯಿಲೆ ಕಂಡಿತು. 2011ರ ಜನಗಣತಿಯಲ್ಲಿ ಕೊಡಗಿನವರು ಸುಮಾರು 5.54 ಲಕ್ಷ. ಅದೇ ಲೆಕ್ಕ ಹಿಡಿದರೆ ನಮ್ಮ ಬೆಟ್ಟಗಳ ನಡುವೆ ಮೂರು ನಾಲ್ಕು ಸಾವಿರ ಜನ ಇದರೊಂದಿಗೆ ಬದುಕುತ್ತಿದ್ದಾರೆ. ನಿಮ್ಹಾನ್ಸ್‌ನಲ್ಲಿ ಗೀಳಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ಆದರೆ ರೈಲೇ ಇಲ್ಲದ ಜಿಲ್ಲೆಯಿಂದ ಬೆಂಗಳೂರು ಹತ್ತಿರವೇ? ಚಿಕಿತ್ಸೆ ಜನರ ಬಳಿಗೇ ಹೋಗಬೇಕು ಅನ್ನುವ ಪ್ರಯೋಗ 1980ರ ದಶಕದಲ್ಲಿ ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ ನಡೆಯಿತು. 1996ರಲ್ಲಿ ಅದು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮಡಿಕೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. 2022ರಿಂದ ಟೆಲಿ ಮನಸ್ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ದೊಡ್ಡಮ್ಮನನ್ನು ನಾವು ಕರೆದುಕೊಂಡು ಹೋದದ್ದು ಮೈಸೂರಿಗೆ. ಮಾತ್ರೆ, ಅಭ್ಯಾಸ ಎರಡೂ ಶುರುವಾದವು. ನಮಗೂ ಒಂದು ಪಾಠ ಇತ್ತು. ‘ನೋಡೋ ಮಗ, ಕೈ ಕ್ಲೀನಾಯ್ತಾ?’ ಅಂತ ಅವರು ಕೇಳಿದಾಗೆಲ್ಲ ‘ಆಗಿದೆ ದೊಡ್ಡಮ್ಮ’ ಅನ್ನುತ್ತಿದ್ದೆವು. ಪ್ರೀತಿಯಿಂದಲೇ ಹೇಳುತ್ತಿದ್ದ ಆ ಉತ್ತರ ಗೀಳಿಗೆ ಗೊಬ್ಬರ ಹಾಕುತ್ತಿತ್ತು ಅಂತ ಅಲ್ಲಿ ತಿಳಿಯಿತು. ‘ಅದಕ್ಕೆ ಉತ್ತರ ಹೇಳಲ್ಲ ದೊಡ್ಡಮ್ಮ, ಬನ್ನಿ ಕಾಫಿ ಕುಡಿಯೋಣ’ ಅನ್ನಲು ಕಲಿತೆವು. ಮೊದಲ ಸಲ ಹಾಗಂದಾಗ ಅವರು ಅತ್ತರು. ನನ್ನ ಗಂಟಲೂ ಕಟ್ಟಿತ್ತು.

ಕಳೆದ ಆಷಾಢದಲ್ಲಿ ಹೋಗಿದ್ದೆ. ತೋಟ ಸುತ್ತಿ ಬಂದಾಗ ಹಿಮ್ಮಡಿಯ ಮೇಲೆ ಉಂಬಳ ಕಚ್ಚಿಕೊಂಡಿತ್ತು. ದೊಡ್ಡಮ್ಮನೇ ಉಪ್ಪು ತಂದು ಹಾಕಿ ಬಿಡಿಸಿದರು. ಒಂದು ಸಲ ಕೈ ತೊಳೆದರು. ಬಚ್ಚಲ ಬಾಗಿಲಲ್ಲಿ ನಿಂತು, ಹಂಡೆಯ ಕಡೆ ನೋಡಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ರೊಟ್ಟಿ ಆರಿಹೋಗುತ್ತದೆ ಬಾ ಅಂತ ಒಳಗೆ ನಡೆದರು.